ರಫೀಕನ ಭುಜದ ನೋವು ನನಗೆ ಗೊತ್ತಿತ್ತು

ರಫೀಕ್, ನೀನು ಮೋಸ ಮಾಡಿರಲಿಲ್ಲ. ಮಾಡಿದವನು ನಾನು. ನಿನ್ನ ಭುಜದ ನೋವನ್ನು ನೀನು ನನಗೆ ಮೊದಲೇ ಹೇಳಿದ್ದೆ — ನನ್ನ ಕಾರಿನಲ್ಲಿ, ನನ್ನ ಪಕ್ಕದಲ್ಲೇ ಕೂತು. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಗಲ್ಫಿನ ಥುಕ್ಬಾದಲ್ಲಿದ್ದ ನಮ್ಮ ಊರಿನವರ ಕ್ರಿಕೆಟ್ ತಂಡಕ್ಕೆ ನೀನೇ ವೇಗದ ಬೌಲರ್. ಪಕ್ಕದ ದಹ್ರಾನಿನ ತಂಡದ ನಾಯಕ ವಿಲ್ಸನ್ ನಿನ್ನನ್ನು ತನ್ನ ತಂಡಕ್ಕೆ ಕೇಳಿದ. ಬದಲಿಗೆ, ಊರಿನಿಂದ ಹೊಸದಾಗಿ ಬಂದಿದ್ದ ಇಬ್ಬರು ಹುಡುಗರನ್ನು ಕೊಡುತ್ತೇನೆಂದ. ಅವರ ಆಟ ಆಗಿನ್ನೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈ ಅದಲುಬದಲು ನ್ಯಾಯವೋ ಅಲ್ಲವೋ ಎಂದು ತೀರ್ಮಾನಿಸಲು ಎರಡೂ ಕಡೆಯವರು ನನ್ನನ್ನೇ ಕರೆದರು — ಹಿರಿಯ, ಅಂಪೈರ್, ಯಾರ ಪರವೂ ಅಲ್ಲದವನಂತೆ! ಥುಕ್ಬಾ ತಂಡ ಕಟ್ಟಿದವನೇ ನಾನು ಎಂಬುದನ್ನು ಎಲ್ಲರೂ ಮರೆತಿದ್ದರು. ನಾನು ಮರೆತಿರಲಿಲ್ಲ. ಆ ಹುಡುಗರ ಬ್ಯಾಟಿಂಗನ್ನು ಅಭ್ಯಾಸದಲ್ಲಿ ಕದ್ದು ನೋಡಿದ್ದೆ; ಅವರು ನಮಗೆ ಬೇಕು ಎಂಬ ಹಾಳು ಆಸೆ ಹುಟ್ಟಿಬಿಟ್ಟಿತ್ತು.

ಮಾತುಕತೆಗೆ ಹೊರಟಾಗ ದಾರಿಯಲ್ಲಿ ನಿನ್ನನ್ನು ನಿನ್ನ ಅಂಗಡಿಗೆ ಬಿಡಲಿಕ್ಕಿತ್ತು. ಆಗ ನೀನು ಹೇಳಿದೆ: "ಸದಾಶಿವಣ್ಣ, ಭುಜ ಸರಿ ಇಲ್ಲ. ಜೋರು ಬೌಲ್ ಮಾಡಿದ್ರೆ ಮರುದಿನ ಕೈ ಎತ್ಲಿಕ್ಕೇ ಆಗುದಿಲ್ಲ. ನಾನು ಹೇಳಿದ್ರೆ, ಹೋಗ್ಲಿಕ್ಕೆ ಮನಸ್ಸಿಲ್ಲದೆ ನೆಪ ಹೇಳ್ತಾನೆ ಅಂತಾರೆ. ವಿಲ್ಸನಿಗೆ ನೀವೇ ಹೇಳಿ." ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಇದ್ದೆ — ಇರಲಿ, ಈಗ ಅದನ್ನು ಹೇಳಿ ಏನು ಬಂತು.

ಮಾತುಕತೆಗೆ ಬಂದ ಎರಡೂ ಕಡೆಯವರು ಒಂದೇ ಹರಿವಾಣದ ಸುತ್ತ ಊಟಕ್ಕೆ ಕೂತಿದ್ದೆವು. ರಫೀಕನಿಗೆ ಏನಾದರೂ ತೊಂದರೆ ಉಂಟಾ ಎಂದು ವಿಲ್ಸನ್ ನೇರವಾಗಿಯೇ ಕೇಳಿದ. ಬಾಯಿಯಲ್ಲಿದ್ದ ಅನ್ನ ನುಂಗಿ, "ಎಂತದೂ ಇಲ್ಲ ಮಾರಾಯ, ಗಟ್ಟಿ ಉಂಟು," ಎಂದುಬಿಟ್ಟೆ.

ಹೊಸ ತಂಡಕ್ಕೆ ನೀನು ಆಡಿದ ಮೊದಲ ಪಂದ್ಯಕ್ಕೂ ನಾನೇ ಅಂಪೈರ್. ನಿನ್ನ ಟೋಪಿ ನನ್ನ ಕೈಯಲ್ಲಿತ್ತು. ಎರಡನೇ ಓವರಿನಲ್ಲಿ ನೀನು ಭುಜ ಹಿಡಿದು ಕುಸಿದೆ. ವಿಲ್ಸನ್ ಓಡಿ ಬಂದ. ನೋವು ಮುಚ್ಚಿಟ್ಟು ಬಂದ ಮೋಸಗಾರ ಎಂದು ಎಲ್ಲರ ಎದುರು ಬೈದ. ನಿನಗೆ ಸಿಟ್ಟೂ ಬರಲಿಲ್ಲ. ಸದಾಶಿವಣ್ಣ ಹೇಳಿದ್ದಾರಲ್ಲ ಎಂದು, ಅಷ್ಟು ನಂಬಿಕೆಯಿಂದ, ನನ್ನತ್ತ ತಿರುಗಿದೆ.

"ಇವ ನನಗೆ ಎಂತದೂ ಹೇಳ್ಲಿಲ್ಲ," ಎಂದೆ.

ನೀನು ಎಡಗೈಯಲ್ಲಿ ಟೋಪಿ ತೆಗೆದುಕೊಂಡು ಹೋದೆ. ಮತ್ತೆ ಮೈದಾನಕ್ಕೆ ಬರಲಿಲ್ಲ.

ಆ ಹುಡುಗರು ನಮಗೆ ಕಪ್ ಗೆದ್ದುಕೊಟ್ಟರು. ನಿನಗೆ ಮಾತ್ರ ಆ ಹೆಸರು ಅಂಟಿಕೊಂಡೇ ಉಳಿಯಿತು. ಮೊನ್ನೆ ಮಕ್ಕಳಿಗೆ ಬೌಲಿಂಗ್ ಕಲಿಸಲು ಯಾರೋ ನಿನ್ನ ಹೆಸರು ಎತ್ತಿದರು. ಆ ಮೋಸಗಾರನಾ ಎಂದ ವಿಲ್ಸನ್. ಎಲ್ಲರೂ ನಕ್ಕರು. ನಾನೂ ನಕ್ಕೆ, ರಫೀಕ್. ಮನೆಗೆ ಬಂದರೆ ನನ್ನ ಮೇಲೇ ಹೇಸಿಗೆ — ಇನ್ನು ಎಷ್ಟು ದಿನ ಹೀಗೆ...

ನಿನ್ನೆ ವಿಲ್ಸನನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. "ಮತ್ತೆ ಅವ ಅವತ್ತು ನಿಮ್ಮನ್ನು ಸುಳ್ಳುಗಾರ ಅಂತ ಯಾಕೆ ಹೇಳ್ಲಿಲ್ಲ?" ಎಂದಷ್ಟೇ ಕೇಳಿದ. ಉತ್ತರ ನನಗೆ ಗೊತ್ತಿತ್ತು. ಅಣ್ಣ ಎಂದು ಕರೆದವನನ್ನು ನಾಲ್ಕು ಜನರ ಎದುರು ಸುಳ್ಳುಗಾರ ಮಾಡಬಾರದು ಎಂದು ನೀನು ಮೋಸಗಾರ ಅನ್ನಿಸಿಕೊಂಡೆ.

ಈ ಶುಕ್ರವಾರ ಮೈದಾನದಲ್ಲಿ ಎಲ್ಲರ ಎದುರು ಇದನ್ನು ಹೇಳುತ್ತೇನೆ. ನೀನು ಬರಲೇಬೇಕೆಂದಿಲ್ಲ. ಬಂದರೆ, ನನ್ನನ್ನು ಅಣ್ಣ ಎಂದು ಕರೆಯಬೇಡ.