ಕಿವಿಯಕ್ಕನಿಗೆ ಕೇಳಿಸಿದ್ದು

ಫ್ಯಾನ್ ಕಾರ್ಖಾನೆಯ ಕೊನೇ ಮೇಜಿನಲ್ಲಿ ಇಪ್ಪತ್ತಮೂರು ವರ್ಷದಿಂದ ಕೂತಿದ್ದ ಹೆಂಗಸನ್ನು ಎಲ್ಲರೂ ಕಿವಿಯಕ್ಕ ಅಂತಲೇ ಕರೆಯುತ್ತಿದ್ದರು. ತಯಾರಾದ ಪ್ರತಿ ಫ್ಯಾನೂ ಅವಳ ಮುಂದೆ ಒಮ್ಮೆ ತಿರುಗಬೇಕು, ಸದ್ದು ಕೇಳಿ ಅವಳು ಮುದ್ರೆ ಒತ್ತಬೇಕು. ಅವಳ ಬಾಯಿಂದ ಮಾತು ಹೊರಡುವುದೇ ಅಪರೂಪ. ಜಂಬದವಳು ಅಂತ ಕೆಲವರು ಆಡಿಕೊಳ್ಳುತ್ತಿದ್ದರು.

ಹೊಸ ಮ್ಯಾನೇಜರಮ್ಮ ಬಂದಾಗ, ಗಿರಾಕಿಗಳು ವಾಪಸ್ ಕಳಿಸಿದ ಫ್ಯಾನುಗಳು ಗೋದಾಮಿನಲ್ಲಿ ಸೂರಿನತನಕ ರಾಶಿ ಬಿದ್ದಿದ್ದವು. ಕಾರಣ ಕೇಳಿದರೆ ಒಬ್ಬೊಬ್ಬ ಮುಖ್ಯಸ್ಥನೂ ಪಕ್ಕದ ವಿಭಾಗದ ಕಡೆ ಬೆರಳು ತೋರಿಸಿದ. ಬೇಸತ್ತ ಆಕೆ ಒಬ್ಬಳೇ ಶೆಡ್ಡಿಗೆ ಇಳಿದು, ಕಿವಿಯಕ್ಕನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

ಒಂದು ಫ್ಯಾನು ತಿರುಗಿದಾಗ ಕಿವಿಯಕ್ಕ ಮುಖ ಹಿಂಡಿದಳು. ಆದರೂ ಮುದ್ರೆ ಒತ್ತಿದಳು.

"ಯಾಕಮ್ಮ ಮುಖ ಹಾಗೆ ಮಾಡಿದ್ರಿ?"

"ಇದು ಮೂರು ತಿಂಗಳಿಗೆ ವಾಪಸ್ ಬರುತ್ತೆ ಮೇಡಂ."

"ಗೊತ್ತಿದ್ದೂ ಮುದ್ರೆ ಒತ್ತಿದ್ರಾ?"

ಕಿವಿಯಕ್ಕ ಅವಳನ್ನೇ ನೋಡಿದಳು. "ಸೇರಿದ ಹೊಸದರಲ್ಲಿ, ಸದ್ದು ಸರಿಯಿಲ್ಲ ಅಂತ ಚೀಟಿ ಬರೆದೆ. ನಾಲ್ಕು ಜನರ ಸಹಿ ಆಗಿ, ಎರಡು ತಿಂಗಳ ಮೇಲೆ 'ಗಮನಿಸಲಾಗಿದೆ' ಅಂತ ವಾಪಸ್ ಬಂತು. ಅಷ್ಟೊತ್ತಿಗೆ ಆ ಫ್ಯಾನುಗಳು ಯಾರ್ಯಾರದೋ ಮನೇಲಿ ತಿರುಗ್ತಿದ್ವು. ಮತ್ತೆ ಬರೆದೆ. ಸದ್ದು ಅಳೆಯೋ ಮೀಟರ್ ಸರಿಯಾಗೇ ತೋರಿಸ್ತಿದೆ, ನಿನ್ನ ಕೆಲಸ ಮುದ್ರೆ ಒತ್ತೋದು ಅಂದ್ರು. ಬಾಯಿಗೆ ಬೀಗ ಹಾಕ್ಕೊಂಡೆ."

ಮ್ಯಾನೇಜರಮ್ಮನಿಗೆ ನಂಬಿಕೆ ಬರಲಿಲ್ಲ. ಕಿವಿಯಕ್ಕನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಒಂದಾದ ಮೇಲೆ ಒಂದು ಹತ್ತು ಫ್ಯಾನು ಹಾಕಿಸಿದಳು. ತನಗೆ ಹತ್ತರ ಸದ್ದೂ ಒಂದೇ. ಕಿವಿಯಕ್ಕ ಮಾತ್ರ ತಿರುಗಿ ನೋಡದೆ, "ಎರಡು, ಐದು, ಒಂಬತ್ತು. ಬೇರಿಂಗ್ ವಾರೆಯಾಗಿ ಕೂತಿದೆ. ಮೂರೂ ಅದನ್ನ ಒತ್ತಿ ಕೂರಿಸೋ ಒಂದೇ ಪ್ರೆಸ್ಸಿನವು" ಅಂದಳು. ಹತ್ತನ್ನೂ ಬಿಚ್ಚಿಸಿದರು. ಆ ಮೂರರಲ್ಲಿ ಬೇರಿಂಗು ಕೂದಲೆಳೆಯಷ್ಟು ವಾರೆಯಾಗಿತ್ತು. ಉಳಿದ ಏಳೂ ನೆಟ್ಟಗಿದ್ದವು. ಮ್ಯಾನೇಜರಮ್ಮ ಕೂಡಲೇ ಆ ಪ್ರೆಸ್ಸು ಎಲ್ಲಿದೆ ಅಂತ ಕೇಳಿದಳು.

ಆ ಪ್ರೆಸ್ಸು ಇದ್ದದ್ದು ಅರವತ್ತು ಹೆಜ್ಜೆ ಆಚೆ. ಆದರೆ ಅದು ಬೇರೆ ವಿಭಾಗ. ಅದನ್ನು ನಡೆಸುವವನು ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಅವನೂ ಕಿವಿಯಕ್ಕನೂ ಒಂದು ಮಾತೂ ಆಡಿರಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದಾಗ ಅವನು ಪೆಚ್ಚಾದ. "ನನಗ್ಯಾರೂ ಹೇಳ್ಲೇ ಇಲ್ವಲ್ಲ ಅಕ್ಕ!" ಸವೆದ ಅಚ್ಚು ಬದಲಾಯಿಸಲು ಅವನಿಗೆ ಹಿಡಿದದ್ದು ಬರೀ ಮುಕ್ಕಾಲು ಗಂಟೆ.

ಮ್ಯಾನೇಜರಮ್ಮ ಚೀಟಿ ಪದ್ಧತಿಯನ್ನೇ ಕಿತ್ತುಹಾಕಿದಳು. ಕಿವಿಯಕ್ಕನ ಮೇಜಿನ ಮೇಲೆ ಒಂದು ಗಂಟೆ ತೂಗುಹಾಕಿಸಿ, "ಸಂಶಯ ಬಂದರೆ ಯಾರನ್ನೂ ಕೇಳದೆ ಬಾರಿಸಿ, ಲೈನು ನಿಲ್ಲಲಿ" ಅಂದಳು. ಸಹಿ ಹಾಕುತ್ತಿದ್ದ ನಾಲ್ವರೂ ಮುಖ ಊದಿಸಿಕೊಂಡರು.

ಒಂದು ದಿನ ಕಿವಿಯಕ್ಕ ಮೊದಲ ಸಲ ಗಂಟೆ ಬಾರಿಸಿದಳು. ಯಂತ್ರಗಳು ಒಂದೊಂದಾಗಿ ನಿಂತವು. ನೂರ ನಲವತ್ತು ಜನ ಅವಳತ್ತ ತಿರುಗಿದರು. ಆ ಶೆಡ್ಡಿನಲ್ಲಿ ಅಂಥ ನಿಶ್ಶಬ್ದವನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಪ್ರೆಸ್ಸಿನವನು ಓಡಿಬಂದು, "ಏನಕ್ಕ, ನಂದಾ?" ಅಂದ. "ನಿಂದಲ್ಲಪ್ಪ, ಈ ಸಲ ತಂತಿ ಸುತ್ತೋರದು" ಅಂದಳು. ಎಲ್ಲರೂ ಗೊಳ್ಳನೆ ನಕ್ಕರು.

ವರ್ಷ ತುಂಬುವುದರೊಳಗೆ ಗೋದಾಮು ಮುಕ್ಕಾಲು ಖಾಲಿಯಾಯಿತು. ಆರು ಜನ ಹುಡುಗಿಯರು ಕಿವಿಯಕ್ಕನ ಪಕ್ಕ ಕಣ್ಣು ಮುಚ್ಚಿ ಕೂತು ಸದ್ದು ಕಲಿಯತೊಡಗಿದರು.

ಮ್ಯಾನೇಜರಮ್ಮನನ್ನು ದಂಗುಬಡಿಸಿದ್ದು ಇನ್ನೊಂದು. ಬಣ್ಣದ ವಿಭಾಗದ ಮುದುಕ, ಆಮೇಲೆ ಪ್ಯಾಕಿಂಗಿನ ಹೆಂಗಸು, ಹೀಗೆ ಒಬ್ಬೊಬ್ಬರೇ ಅವಳ ಬಾಗಿಲಿಗೆ ಬಂದು, "ನನಗೂ ಒಂದು ವಿಷಯ ಗೊತ್ತು ಮೇಡಂ" ಅನ್ನತೊಡಗಿದರು.