ಬೂಟು ಕಚ್ಚಿದ್ದು ತಿಳಿಯಲಿಲ್ಲ

ನನ್ನ ತಮ್ಮ ಬೂಟು ಹೊಲಿಯುವವನು, ಶುದ್ಧ ಬಾಯಿಬಡುಕ. ಹೊಸ ಬೂಟು ಕಚ್ಚುತ್ತದೆ ಎಂದು ಗಿರಾಕಿ ವಾಪಸ್ ಬಂದರೆ, "ಅಯ್ಯೋ ಸ್ವಾಮಿ, ಹೊಸ ಬೂಟು ಕಚ್ಚದೆ ಮುತ್ತು ಕೊಡುತ್ತಾ? ಬಿಚ್ಚದೆ ಹಾಕ್ಕೊಂಡಿರಿ, ತಾನಾಗೇ ದಾರಿಗೆ ಬರುತ್ತೆ" ಎಂದು ಸಾಗಹಾಕುತ್ತಿದ್ದ. ಚರ್ಮ ಕಾಲಿಗೆ ಒಗ್ಗಬೇಕಾದರೆ ಮೈಬಿಸಿ ತಾಗುತ್ತಲೇ ಇರಬೇಕು ಎನ್ನುವುದು ಅವನ ಹಟ. ಬೈದುಕೊಂಡು ಹೋದವರೂ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಬೂಟಿನ ಅಟ್ಟೆ ಕೊಯ್ಯುತ್ತಿದ್ದವನು ಹಾಗೆಯೇ ಪಕ್ಕಕ್ಕೆ ವಾಲಿದ. ಮೆದುಳಿನಲ್ಲಿ ರಕ್ತಸ್ರಾವ. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಹಾಳಾದವನು, ಬಿ.ಪಿ. ಮಾತ್ರೆ ನುಂಗು ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಆದರೂ ಗಟ್ಟಿ ಪಿಂಡ; ವಾರಗಳು ಕಳೆದ ಹಾಗೆ ಒಂದೊಂದೇ ಮಾತು ಮರಳಿತು, ಬೆರಳು ಮಡಚತೊಡಗಿದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನದು ಒಂದೇ ಜಪ: "ಅಂಗಡಿಗೆ ಹೋಗ್ಬೇಕು." ಹೀಗೇ ಸುಧಾರಿಸಿದರೆ ಹೋಗಬಹುದು ಎಂದು ಡಾಕ್ಟರಮ್ಮನೂ ಅಂದಿದ್ದರು. ನಾವು ಆ ಮಾತನ್ನೇ ನೆಚ್ಚಿಕೊಂಡಿದ್ದೆವು.

ಬಲಪಾದ ಮಾತ್ರ ಜೋತುಬೀಳುತ್ತಿತ್ತು, ಮುಟ್ಟಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೆಂದು ಮಂಚದ ಮೇಲೆ ಕುಳಿತೇ ಅಳತೆ ಹೇಳಿ, ಹೆಂಡತಿಯ ಕೈಯಲ್ಲಿ ಹೊಲಿಸಿ, ಒಂದು ಗಟ್ಟಿ ಬೂಟು ಮಾಡಿಸಿಕೊಂಡ. ಹಾಕಿಕೊಂಡು ನೆಟ್ಟಗೆ ನಡೆದೇಬಿಟ್ಟ! ನಮಗೋ ಖುಷಿಯೋ ಖುಷಿ. ಮಲಗುವಾಗಲೂ ಅದನ್ನು ಬಿಚ್ಚಲು ಬಿಡಲಿಲ್ಲ.

"ಬಿಚ್ರೀ, ಕಾಲು ಒರೆಸ್ತೀನಿ" ಎಂದಳು ಹೆಂಡತಿ.

"ಸುಮ್ನಿರೇ, ಒಗ್ಗಲಿ. ಒಂಚೂರೂ ಕಚ್ತಾ ಇಲ್ಲ ನೋಡು, ಎಂಥ ಕೆಲಸ ನಂದು!" ಎಂದು ಬೀಗಿದ.

ಸ್ಪರ್ಶವೇ ಇಲ್ಲದ ಕಾಲಿಗೆ ಕಚ್ಚಿದ್ದು ಹೇಗೆ ಗೊತ್ತಾಗಬೇಕು, ಪೆದ್ದ! ನಮಗಾದರೂ ಹೊಳೆಯಬಾರದಿತ್ತೇ? ನಾಲ್ಕೈದು ದಿನಕ್ಕೆ ಜ್ವರ ಬಂತು, ಶೀತವಿರಬೇಕು ಅಂದುಕೊಂಡೆವು. ಮರುದಿನ ಮಾತು ತೊದಲಿತು, ಆಮೇಲೆ ಕಣ್ಣೇ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಬೂಟನ್ನು ಕತ್ತರಿಸಿ ತೆಗೆದರು. ಬೂಟು ಕಚ್ಚಿದ ಹಿಮ್ಮಡಿ ಕೀವುಗಟ್ಟಿ, ಕೆಂಪು ಬಾವು ಮೊಣಕಾಲಿನವರೆಗೂ ಏರಿತ್ತು.

"ಕಾಲೆಲ್ಲಿ, ತಲೆಯೆಲ್ಲಿ ಡಾಕ್ಟ್ರೇ?" ಎಂದು, ಕಾಲಿನ ಹುಣ್ಣಿನಿಂದಲೇ ಹೀಗಾಯಿತು ಎಂದ ಡಾಕ್ಟರಮ್ಮನ ಮೇಲೆ ರೇಗಿದೆ.

"ತಲೆಯೊಳಗಿನ ಗಾಯ ಇನ್ನೂ ಹಸಿಯಾಗೇ ಇತ್ತಮ್ಮ. ಕಾಲಿಗೆ ಸೋಂಕಾದಾಗ ಇಡೀ ಮೈ ಅದರ ಮೇಲೆ ಕೆರಳುತ್ತೆ, ಉರಿಯೂತ ಅಂತೀವಿ. ಆ ಕೆರಳಿಕೆ ರಕ್ತದ ಜೊತೆ ಮೆದುಳಿಗೂ ಹೋಗುತ್ತೆ. ಅಲ್ಲಿ ಮತ್ತೆ ಊತ ಬಂದಿದೆ" ಎಂದರು.

"ಮೊದ್ಲೇ ಕಾಲು ನೋಡಿದ್ರೆ?" ಎಂದಳು ಅವನ ಹೆಂಡತಿ. ಡಾಕ್ಟರಮ್ಮ ಅವಳ ಭುಜ ಮುಟ್ಟಿದರು. ಆ ಬೂಟು ನೋಡಿ ಹಿಗ್ಗಿದವರು ನಾವೇ ಅಲ್ಲವೇ.

ಜೀವ ಉಳಿಯಿತು. ಹಿಮ್ಮಡಿಯೂ ಮಾಯಿತು. ಮಾತು, ನೆನಪು ಮಾತ್ರ ಮರಳಲಿಲ್ಲ. ಮೊನ್ನೆ, ಏನಾದರೂ ನೆನಪಾದೀತು ಎಂಬ ಆಸೆಯಿಂದ ಅವನನ್ನು ಅಂಗಡಿಗೆ ಕರೆದುಕೊಂಡು ಹೋದೆವು. ಅವನ ಮಣೆಯ ಮೇಲೆ ಕೂರಿಸಿ, ಚರ್ಮ ಕೊಯ್ಯುವ ಕತ್ತಿಯನ್ನು ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ಯಾರದೋ ವಸ್ತು ತನ್ನ ಹತ್ತಿರ ಉಳಿದುಬಿಟ್ಟಿದೆ ಎನ್ನುವ ಹಾಗೆ, ಜೋಪಾನವಾಗಿ ನನ್ನ ಕೈಗೇ ವಾಪಸ್ ಕೊಟ್ಟ.