ಕಾಜಾ ಅಕ್ಕನ ಮನೆಗೆ ಕಾವಲು

ನಮ್ಮ ಕೆಳಗಿನ ಮನೆಯ ಹೆಂಗಸನ್ನು ಓಣಿಯವರೆಲ್ಲ ಕಾಜಾ ಅಕ್ಕ ಎನ್ನುತ್ತಿದ್ದರು. ದರ್ಜಿ ಅಂಗಡಿಯಿಂದ ಹೊಲಿದ ಅಂಗಿಗಳ ಗಂಟು ತಂದು, ಕೈಯಲ್ಲೇ ಕಾಜಾ ಹಾಕಿ, ಗುಂಡಿ ಹೊಲಿದು ವಾಪಸು ಕೊಡುವುದು ಅವಳ ಕಸುಬು. ಮೂವತ್ತು ವರ್ಷ ಸೂಜಿ ಹಿಡಿದು ಬೆರಳುಗಳು ಎಷ್ಟು ಒರಟಾಗಿದ್ದವೆಂದರೆ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡುವುದರಲ್ಲೇ ಅವಳ ವಯಸ್ಸು ಕಳೆಯಿತು.

ಆ ತಮ್ಮನೇ ಅವಳ ಮನೆಯ ಕಳ್ಳ.

ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನಿಗೆ ಕುಡಿತ ಅಂಟಿಕೊಂಡ ಮೇಲೆ ಮೊದಲು ಗೋಡೆ ಗಡಿಯಾರ ಹೋಯಿತು, ಆಮೇಲೆ ಇಸ್ತ್ರಿಪೆಟ್ಟಿಗೆ, ಆಮೇಲೆ ತಾಯಿಯ ಬಳೆ. ಪ್ರತಿ ಸಲವೂ ಅಕ್ಕ “ಎಲ್ಲೋ ಇಟ್ಟು ಮರೆತಿದೀನಿ” ಎಂದು ಮಾತು ತೇಲಿಸುತ್ತಿದ್ದಳು. ಆದರೆ ಒಂದು ದಿನ ಹನ್ನೆರಡು ಅಂಗಿಗಳ ಗಂಟೇ ಮಾಯವಾಯಿತು. ಅದು ಅಂಗಡಿಯ ಮಾಲು, ತೇಲಿಸುವಂತಿರಲಿಲ್ಲ.

“ನಿನ್ನ ಕೈಕೆಲಸಕ್ಕೆ ನಾನು ಎರಡು ಮಾತಾಡಲ್ಲಮ್ಮ,” ಎಂದ ಅಂಗಡಿಯ ಯಜಮಾನ. “ಆದ್ರೆ ಮನೆಗೆ ಅಲಾರಂ ಗಿಲಾರಂ ಏನಾದ್ರೂ ಹಾಕಿಸ್ಕೋ. ಇಲ್ಲಾಂದ್ರೆ ನನ್ನ ಬಟ್ಟೆ ನಿನ್ನ ಮನೆಗೆ ಕಳಿಸಕ್ಕಾಗಲ್ಲ.”

ಅಂದು ಸಂಜೆಯೇ ಅವಳು ಮೂರು ಕಂಪನಿಗಳ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. “ಸಣ್ಣಕ್ಷರ ಓದೋದೇ ನಿಮ್ಮ ಕೆಲಸ ಆಗಿತ್ತಲ್ಲ ಅಣ್ಣಾ, ಇದರಲ್ಲಿ ಯಾವುದು ವಾಸಿ ನೋಡಿ ಹೇಳಿ,” ಎಂದಳು.

ನೋಡಿದೆ. ಮೊದಲನೆಯದು ದೊಡ್ಡ ಕಂಪನಿ. ಸೈರನ್ ಕೂಗಿದ ಹದಿನೈದು ನಿಮಿಷದೊಳಗೆ ಕಾವಲುಗಾರ ಬರುತ್ತಾನೆ, ಆದರೆ ಮೂರು ವರ್ಷ ಬಿಡುವಂತಿಲ್ಲ. ತುರ್ತಿಗೆ ಕರೆಯಲು ಇಬ್ಬರ ನಂಬರ್ ಬೇರೆ ಕೊಡಬೇಕು. ಒಂದು ನನ್ನದು ಬರೆದೆ. “ಇನ್ನೊಂದು ತಮ್ಮಂದು ಬರೀರಿ,” ಎಂದವಳು ತನ್ನ ಮಾತಿಗೆ ತಾನೇ ಬೆಚ್ಚಿದಳು. ಆ ಕಾಗದವನ್ನು ಮಡಿಚಿಟ್ಟೆವು.

ಎರಡನೆಯದು ಕ್ಯಾಮೆರಾದವರದು. ಅದನ್ನು ತೋರಿಸಲು ಒಬ್ಬ ಹುಡುಗಿ ಮನೆಗೇ ಬಂದಳು. “ಮನೆಯವರ ಫೋಟೋ ಹಾಕ್ಬಿಟ್ರೆ ಅವರನ್ನ ನೋಡಿ ಇದು ಸುಮ್ಮನಿರುತ್ತೆ ಆಂಟಿ. ಹೊರಗಿನವರು ಬಂದ್ರೆ ಮಾತ್ರ ಕೂಗುತ್ತೆ.”

“ಮನೆಯವರು ಬಂದಾಗ ಕೂಗೋದು ಇಲ್ವೇನಮ್ಮಾ?”

ಹುಡುಗಿ ತಮಾಷೆ ಎಂದುಕೊಂಡು ಜೋರಾಗಿ ನಕ್ಕಳು. ಅಕ್ಕನೂ ನಗಬೇಕಾಯಿತು.

ಮೂರನೆಯವನು ಸಣ್ಣ ಅಂಗಡಿಯವನು. ಮಾರುವವನೂ ಅವನೇ, ಸ್ಕ್ರೂ ತಿರುಗಿಸುವವನೂ ಅವನೇ. ಬಾಗಿಲು ತೆರೆದು ಅರ್ಧ ನಿಮಿಷದೊಳಗೆ ಗೋಡೆಯ ಪೆಟ್ಟಿಗೆಯಲ್ಲಿ ಗುಟ್ಟಿನ ನಂಬರ್ ಒತ್ತದಿದ್ದರೆ ಸೈರನ್ ಕೂಗುತ್ತದೆ, ಅವನ ಅಂಗಡಿಯಿಂದ ಫೋನು ಬರುತ್ತದೆ. ಬಾಗಿಲನ್ನು ಒಮ್ಮೆ ಸವರಿ ನೋಡಿ ಅವನು ಕೇಳಿದ: “ಬೀಗದ ಕೈ ಇನ್ಯಾರ ಹತ್ರ ಇದೆ?”

“ತಮ್ಮನ ಹತ್ರ.”

“ಅದನ್ನ ವಾಪಸ್ ಇಸ್ಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗೀತು.”

“ಅದೊಂದು ಹೇಳ್ಬೇಡಪ್ಪ.”

ಅವನು ಅವಳ ಮುಖ ನೋಡಿದ, ಮತ್ತೆ ಕೆದಕಲಿಲ್ಲ. ಅಷ್ಟಕ್ಕೇ ಅಕ್ಕ ಅವನನ್ನು ಒಪ್ಪಿಕೊಂಡಳು.

ಹದಿನೈದು ದಿನಕ್ಕೆ, ಮಟಮಟ ಮಧ್ಯಾಹ್ನ, ಸೈರನ್ ಕೂಗಿತು. ನಾನು ಕೆಳಗಿಳಿಯುವಷ್ಟರಲ್ಲಿ ಓಣಿಯ ಅರ್ಧ ಜನ ಅಲ್ಲಿದ್ದರು. ಹೊಸ್ತಿಲ ಒಳಗೆ ಅಕ್ಕನ ತಮ್ಮ ನಿಂತು, ಬೆವರುತ್ತಾ, ಆ ಪೆಟ್ಟಿಗೆಯ ಗುಂಡಿಗಳನ್ನು ಸಿಕ್ಕಸಿಕ್ಕಂತೆ ಒತ್ತುತ್ತಿದ್ದ. ದರ್ಜಿ ಅಂಗಡಿಗೆ ಹೋಗಿದ್ದ ಅಕ್ಕ ಏದುಸಿರು ಬಿಡುತ್ತಾ ಓಡಿ ಬಂದಳು. ಅವಳ ಕೈಯಲ್ಲಿದ್ದ ಫೋನಿನಿಂದ ಅಲಾರಂ ಅಂಗಡಿಯವನ ದನಿ ಎಲ್ಲರಿಗೂ ಕೇಳಿಸುತ್ತಿತ್ತು: “ಒಳಗೆ ಯಾರೋ ಇದಾರೆ ಅಕ್ಕ, ಪೊಲೀಸರಿಗೆ ಹೇಳ್ಲಾ?”

ತಮ್ಮ ಅವಳನ್ನೇ ನೋಡುತ್ತಿದ್ದ.

“ಬೇಡ. ನಮ್ಮವನೇ,” ಎಂದಳು. ಆಮೇಲೆ ಒಂದು ಕೈ ಅಡ್ಡ ಹಿಡಿದು ನಂಬರ್ ಒತ್ತಿದಳು.

“ನನಗೂ ಕಾಣದ ಹಾಗೆ ಮುಚ್ಕೋತೀಯಾ ಅಕ್ಕ?” ಎಂದ ಅವನು. ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು, ಜನರ ನಡುವೆ ತಲೆ ತಗ್ಗಿಸಿ ಹೊರಟುಹೋದ.

ಎರಡು ತಿಂಗಳು ಅವನ ಸುಳಿವಿಲ್ಲ. ಗಂಟುಗಳು ಭದ್ರವಾಗಿದ್ದವು, ಯಜಮಾನ ಇನ್ನಷ್ಟು ಕೆಲಸ ಕೊಟ್ಟ. ಅಕ್ಕ ಮಾತ್ರ ಸೊರಗಿ ಕಡ್ಡಿಯಾದಳು. ಮೆಟ್ಟಿಲ ಬಳಿ ಸಪ್ಪಳವಾದರೆ ಸಾಕು, ಸೂಜಿ ಕೆಳಗಿಟ್ಟು ಎದ್ದು ಬರುತ್ತಿದ್ದಳು. ನನ್ನನ್ನು ಕಂಡು, “ನೀವಾ,” ಎಂದು ಒಳಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಬಂದ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಬಾಗಿಲು ತಟ್ಟಿ ಹೊರಗೇ ನಿಂತ. ಅಕ್ಕ ತನ್ನ ಕೈಯಾರೆ ಅಲಾರಂ ಆರಿಸಿ, ಒಳಗೆ ಕರೆದು ಕೂರಿಸಿ ಊಟಕ್ಕೆ ಬಡಿಸಿದಳು. ಅವನು ಗಬಗಬನೆ ತಿನ್ನುವುದನ್ನು ನೋಡಿ, ಇನ್ನಷ್ಟು ಬಿಸಿ ಮಾಡಿ ತರಲು ಒಲೆಯ ಹತ್ತಿರ ಹೋದಳು. ತಿರುಗಿ ಬಂದಾಗ ಬಾಗಿಲು ತೆರೆದಿತ್ತು. ಮಾರನೆಯ ದಿನ ಕೊಡಬೇಕಿದ್ದ ಇಪ್ಪತ್ತು ಅಂಗಿಗಳ ಗಂಟು ಇರಲಿಲ್ಲ.

ನನ್ನನ್ನು ಕರೆದು ಅವಳು ತೋರಿಸಿದ್ದು ಗಂಟಿದ್ದ ಜಾಗವನ್ನಲ್ಲ, ತಟ್ಟೆಯನ್ನು. “ನೋಡಿ ಅಣ್ಣಾ, ಅರ್ಧಕ್ಕೇ ಬಿಟ್ಟು ಹೋಗಿದಾನೆ. ಊಟನಾದ್ರೂ ಪೂರ್ತಿ ಮಾಡ್ಕೊಂಡು ಹೋಗಬಾರದಿತ್ತಾ?”

ಪೊಲೀಸರಿಗೆ ತಿಳಿಸೋಣ ಎಂದೆ. “ಏನಂತ ಬರೆಸ್ಲಿ? ಕದ್ದೋನು ಅಂತಲಾ, ಕಳೆದುಹೋದೋನು ಅಂತಲಾ?” ಎಂದು ಕೇಳಿದಳು.

ಯಜಮಾನ ಕೈ ತೊಳೆದುಕೊಂಡ. ಸುದ್ದಿ ಕೇಳಿ ಬೇರೆ ದರ್ಜಿಗಳೂ ಬಾಗಿಲು ಹಾಕಿದರು. ಅಲಾರಂನ ತಿಂಗಳ ಬಾಡಿಗೆ ಕಟ್ಟಲಾಗದೆ ಅದನ್ನೂ ತೆಗೆಸಬೇಕಾಯಿತು. ತೆಗೆಯಲು ಬಂದ ಅಂಗಡಿಯವನು ಸಂಕೋಚದಿಂದ ಕೇಳಿದ: “ಬೇರೆ ಕಂಪನಿಯವರದು ಹಾಕಿಸ್ತೀರಾ ಅಕ್ಕ?”

“ಇಲ್ಲಪ್ಪ. ನಿಂದು ಚೆನ್ನಾಗೇ ಇತ್ತು.”

ಈಗ ಅವಳು ದೊಡ್ಡ ಬಟ್ಟೆ ಕಾರ್ಖಾನೆಯೊಂದರಲ್ಲಿ ದಾರದ ತುದಿ ಕತ್ತರಿಸುವ ಕೆಲಸ ಮಾಡುತ್ತಾಳೆ. ಅಲ್ಲಿ ಕಾಜಾ ಹಾಕುವುದು ಯಂತ್ರ. ಸಂಜೆ ಹೊರಡುವಾಗ ಗೇಟಿನಲ್ಲಿ ಎಲ್ಲರ ಚೀಲವನ್ನೂ ಬಿಚ್ಚಿಸಿ ನೋಡುತ್ತಾರೆ. ಅಕ್ಕನ ಚೀಲದಲ್ಲಿ ಊಟದ ಡಬ್ಬಿ, ಕನ್ನಡಕ ಇರುತ್ತವೆ. ಕಾವಲಿನವಳು ಡಬ್ಬಿಯ ಮುಚ್ಚಳ ತೆಗೆಸಿ, ಒಳಗೆ ಇಣುಕಿ, ಹೋಗು ಎಂದು ಕೈಸನ್ನೆ ಮಾಡುತ್ತಾಳೆ. ತಮ್ಮ ಇನ್ನೂ ಬಂದಿಲ್ಲ.